18ನೇ ಶತಮಾನದ ವಿಚಾರಣೆ: ಅನ್ಯಾಯ ಹೆಚ್ಚಿದ್ದುದು ಫ್ರಾನ್ಸಿನಲ್ಲೋ ಇಂಗ್ಲೆಂಡಿನಲ್ಲೋ?

ಕಾನೂನುಪ್ರಿಯ
ಫ್ರಾನ್ಸ್ ಎಂದರೆ ಗುಟ್ಟಿನ ವಿಚಾರಣೆ, ಚಿತ್ರಹಿಂಸೆ. ಇಂಗ್ಲೆಂಡ್ ಎಂದರೆ ತೆರೆದ ಕೋರ್ಟು, ತೀರ್ಪು ಕೊಡುವ 12 ಮಂದಿ ಸಾಮಾನ್ಯರ ಜ್ಯೂರಿ ಎಂದೇ ಓದುತ್ತ ಬಂದಿದ್ದೇವೆ. ಅನ್ಯಾಯವೆಲ್ಲ ಒಂದೇ ಕಡೆ ಇತ್ತೇ? ಫ್ರಾನ್ಸಿನ ನ್ಯಾಯಾಧೀಶರೇ ಕ್ರೂರಿಗಳೋ, ಕಾನೂನೇ ಹಾಗಿತ್ತೋ? ತಿಳಿದವರು ಬಿಡಿಸಿ ಹೇಳಿ.

ಹಳೇಕಡತ
ಕಾನೂನೇ ಹಾಗಿತ್ತು. ಫ್ರಾನ್ಸಿನಲ್ಲಿ ಮರಣದಂಡನೆಗೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಬೇಕು, ಇಲ್ಲವೇ ತಪ್ಪೊಪ್ಪಿಗೆ. ಒಬ್ಬನೇ ಸಾಕ್ಷಿಯಿದ್ದರೆ ಅದು ಅರ್ಧ ಪುರಾವೆ. ಉಳಿದರ್ಧಕ್ಕೆ ಆರೋಪಿಯ ಬಾಯನ್ನೇ ಬಿಡಿಸಬೇಕು. ಹಿಂಸೆ ನುಗ್ಗಿದ್ದು ಆ ಸಂದಿಯಲ್ಲಿ.

ಹಿಂಸೆಯಷ್ಟೇ ಕೆಟ್ಟದ್ದು 1670ರ ಆರ್ಡಿನೆನ್ಸಿನ (ರಾಜಾಜ್ಞೆಯ) ಸಾಕ್ಷಿ ಕ್ರಮ. ಮೊದಲು ಸಾಕ್ಷಿಯ ಹೇಳಿಕೆಯನ್ನು ಗುಟ್ಟಾಗಿ ಬರೆದುಕೊಳ್ಳುತ್ತಾರೆ. ಆಮೇಲೆ ಅದನ್ನೇ ಓದಿ ಅವನಿಂದ ಖಚಿತಪಡಿಸಿಕೊಳ್ಳುತ್ತಾರೆ. ಇದಾದ ಮೇಲೆ ಮುಖ್ಯ ಸಂಗತಿಯಲ್ಲಿ ಮಾತು ಬದಲಿಸಿದರೆ ಸುಳ್ಳುಸಾಕ್ಷಿಯೆಂದು ಅವನ ಮೇಲೆಯೇ ಕೇಸು. ತಪ್ಪು ಹೇಳಿದೆ ಎಂದು ಗೊತ್ತಾದವನೂ ತಿದ್ದಲು ಹೆದರುತ್ತಿದ್ದ. ಕೊನೆಗೆ ಆರೋಪಿಯನ್ನು ಸಾಕ್ಷಿಯ ಎದುರು ನಿಲ್ಲಿಸುತ್ತಾರೆ. ಸಾಕ್ಷಿಯ ಮೇಲೆ ಆಕ್ಷೇಪವಿದ್ದರೆ ಹೇಳಿಕೆ ಓದುವ ಮೊದಲೇ ಹೇಳಬೇಕು. ಏನು ಹೇಳಿದ್ದಾನೆಂದು ತಿಳಿಯದೆ ಆಕ್ಷೇಪಿಸುವುದು ಹೇಗೆ? ಪ್ರಾಣಕ್ಕೇ ಸಂಚಕಾರ ಬರುವ ಕೇಸುಗಳಲ್ಲಿ ಸಾಮಾನ್ಯವಾಗಿ ವಕೀಲನೂ ಇಲ್ಲ.

ಮಗನನ್ನೇ ಕೊಂದನೆಂಬ ಆರೋಪ ಹೊತ್ತಿದ್ದ ತೂಲೂಸಿನ ವ್ಯಾಪಾರಿ ಜಾನ್ ಕಲಾಸ್ ಹಿಂಸೆಗೂ ತಪ್ಪೊಪ್ಪಿಕೊಳ್ಳಲಿಲ್ಲ. ಆದರೂ 1762ರ ಮಾರ್ಚ್ 10ರಂದು ಚಕ್ರಕ್ಕೆ ಕಟ್ಟಿ ಕೊಂದರು. 1765ರಲ್ಲಿ ನಿರಪರಾಧಿ ಎಂದು ಘೋಷಿಸಿದರು. ತಪ್ಪೊಪ್ಪಿಗೆಗಾಗಿ ಕೊಡುತ್ತಿದ್ದ ಹಿಂಸೆ ರದ್ದಾದದ್ದು 1780ರಲ್ಲಿ.

ಜ್ಯೂರಿಕಟ್ಟೆ
ಇಂಗ್ಲೆಂಡಿನಲ್ಲಿ ಹಣವೇ ಕೆಡಿಸಿತು. ಕಳ್ಳತನ, ದರೋಡೆಯ ಕೇಸು ನಡೆಸುವ ಹೊರೆ ಹೆಚ್ಚಾಗಿ ನೊಂದವನ ಮೇಲೆಯೇ ಇತ್ತು. 1692ರ ಕಾಯ್ದೆ ದಾರಿಗಳ್ಳನಿಗೆ ಶಿಕ್ಷೆ ಕೊಡಿಸಿದವರಿಗೆ 40 ಪೌಂಡ್ ಬಹುಮಾನ ಇಟ್ಟಿತು. ಗುರಿ ಒಳ್ಳೆಯದೇ, ಆದರೆ ಶಿಕ್ಷೆಯಾದರೆ ಮಾತ್ರ ದುಡ್ಡು. 1754ರಲ್ಲಿ ಸಿಕ್ಕಿಬಿದ್ದ ಮ್ಯಾಕ್‌ಡೇನಿಯಲ್ ಗುಂಪು ಅಮಾಯಕರನ್ನು ಸಿಕ್ಕಿಸಿ, ಸುಳ್ಳುಸಾಕ್ಷಿ ಹೇಳಿ ಬಹುಮಾನ ಪಡೆಯುತ್ತಿತ್ತು.

ಇನ್ನೊಂದು: ಜ್ಯೂರಿಯ ವಿಚಾರಣೆಗೆ ಒಪ್ಪದೆ ಮೌನವಾಗಿದ್ದರೆ ಎದೆಯ ಮೇಲೆ ಭಾರ ಹೇರುತ್ತಿದ್ದರು, ಇದು 1772ರವರೆಗೂ ಕಾನೂನಿನಲ್ಲಿತ್ತು. ಕೆಲವರು ಬೇಕೆಂದೇ ಹಾಗೆ ಸತ್ತರು, ಏಕೆಂದರೆ ಅಪರಾಧಿ ಎಂದು ತೀರ್ಪಾದರೆ ಆಸ್ತಿ ಮುಟ್ಟುಗೋಲು. ಬಿಡುಗಡೆಯಾದವರನ್ನೂ ಜೈಲಿನ ಶುಲ್ಕ ಕಟ್ಟುವವರೆಗೆ ಒಳಗೇ ಇಡುತ್ತಿದ್ದರು. 1774ರಲ್ಲಿ ಕಾಯ್ದೆ ತಂದು ತಡೆಯಬೇಕಾಯಿತು.

ಕಾನೂನುಪ್ರಿಯ
ಧನ್ಯವಾದ ಸರ್. ಇಂಗ್ಲೆಂಡಿನಲ್ಲಾದರೂ ವಕೀಲ ಇರುತ್ತಿದ್ದನಲ್ಲವೇ?

ಜ್ಯೂರಿಕಟ್ಟೆ
ರಾಜದ್ರೋಹದ ಆರೋಪಕ್ಕೆ 1696ರಿಂದ ಇತ್ತು. ಕಳ್ಳತನ, ಕೊಲೆ ಕೇಸುಗಳಲ್ಲಿ 1730ರ ದಶಕದಿಂದ ನ್ಯಾಯಾಧೀಶರು ಒಪ್ಪಿದರೆ ಪಾಟೀ ಸವಾಲಿಗೆ ಮಾತ್ರ. ಆರೋಪಿಯ ಪರವಾಗಿ ಜ್ಯೂರಿಯ ಮುಂದೆ ವಾದ ಮಂಡಿಸಲು ವಕೀಲನಿಗೆ ಅವಕಾಶ ಸಿಕ್ಕಿದ್ದು 1836ರಲ್ಲಿ. ಫ್ರಾನ್ಸ್ 1789ರ ಅಕ್ಟೋಬರಿನಲ್ಲೇ ಎಲ್ಲ ಆರೋಪಿಗಳಿಗೂ ವಕೀಲರ ನೆರವು ಕೊಟ್ಟಿತ್ತು.