ಹಿಡಿದದ್ದು ಬಾಲೋ, ಇಶಾಡ ಮಾವೋ? ಗದ್ದೆಯೊಳಗಿನ ಮರಕ್ಕೆ ರೂಲ್ಸ್ ಏನು?

ಗದ್ದೆ ಕೀಪರ್ (ಅಂಕೋಲಾ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಿಡಿಸಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಅಂಕೋಲಾ ತಾಲೂಕಿನ ಹಳ್ಳಿ, ಗಂಗಾವಳಿ ಹೊಳೆಗೆ ಹತ್ತಿರ. ಕ್ರಿಕೆಟ್ ಕ್ಲಬ್ ಅಂದರೆ ದೊಡ್ಡದೇನಲ್ಲ. ಹದಿನೆಂಟು ಜನ, ಮೂರು ಬ್ಯಾಟು, ಒಂದು ಮ್ಯಾಟು, ಒಂದು ವಾಟ್ಸಾಪ್ ಗ್ರೂಪು. ನಾನು ಕೀಪರ್. ಲೆಕ್ಕ ಬರೆಯುವವನೂ ನಾನೇ, ಬೈಗುಳ ತಿನ್ನುವವನೂ ನಾನೇ. ಸ್ವಂತ ಮೈದಾನ ಇಲ್ಲ. ಭತ್ತ ಕೊಯ್ದ ಮೇಲೆ ಗದ್ದೆಗೆ ಶೇಂಗಾ ಹಾಕುತ್ತಾರೆ. ಶೇಂಗಾ ಕಿತ್ತು ಮುಗಿದ ಮೇಲೆ ಗದ್ದೆ ನಮ್ಮದು. ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಅಷ್ಟೇ ನಮ್ಮ ಸೀಸನ್. ಜೂನ್ ಮೊದಲ ವಾರ ಮಳೆ ಹಿಡಿದರೆ ಪಿಚ್ ಇದ್ದ ಜಾಗದಲ್ಲಿ ಕಪ್ಪೆ ಕೂಗುತ್ತವೆ.

ನಮ್ಮ ಫಾಸ್ಟ್ ಬೌಲರ್ ಕಥೆ ಕೇಳಿದರೆ ನಗು ಬರುತ್ತದೆ. ಅವನು ಮೀನು ಹಿಡಿಯುವ ಬೋಟಿಗೆ ಹೋಗುವವನು. ಬೋಟ್ ಬಂದ್ ಆಗೋದು ಜೂನ್ 1ಕ್ಕೆ, ಮತ್ತೆ ಬಿಡೋದು ಜುಲೈ 31 ಕಳೆದ ಮೇಲೆ. ಅವನಿಗೆ ಪೂರ್ತಿ ಎರಡು ತಿಂಗಳು ಪುರುಸೊತ್ತು. ಆಗ ಗದ್ದೆ ತುಂಬ ನೀರು! ಸೀಸನ್‌ನಲ್ಲಿ ಅವನು ಸಿಗೋದು ಬೋಟ್ ದಡಕ್ಕೆ ಬಂದ ದಿನ ಮಾತ್ರ. ಮೈಗೆಲ್ಲ ಮೀನಿನ ವಾಸನೆ ಹೊತ್ತುಕೊಂಡೇ ಬಂದು ಬೌಲಿಂಗ್ ಮಾಡಿ ಹೋಗುತ್ತಾನೆ.

ಗದ್ದೆ ಒಬ್ಬ ಅಜ್ಜನದು. ಬಾಡಿಗೆ ಕೇಳುವುದಿಲ್ಲ. ಶರತ್ತು ಎರಡೇ. ಮೇ 31ಕ್ಕೆ ಮ್ಯಾಟ್ ಸುತ್ತಿ, ಗೂಟ ಕಿತ್ತು ಗದ್ದೆ ಬಿಟ್ಟುಕೊಡಬೇಕು. ಮರದ ಒಂದು ಟೊಂಗೆಯನ್ನೂ ಮುಟ್ಟಬಾರದು. ಮರ ಅಂದರೆ ಕರಿ ಇಶಾಡ ಮಾವು. ಡೀಪ್ ಮಿಡ್ ವಿಕೆಟ್‌ನಲ್ಲಿ, ಗದ್ದೆಯ ಅಂಚಿನ ಮೇಲೆ ನಿಂತಿದೆ. ಬೌಂಡರಿ ಗೆರೆ ಅದಕ್ಕಿಂತ ಎಂಟು ಹೆಜ್ಜೆ ಆಚೆ. ಇಶಾಡದ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಸಿಪ್ಪೆ ತೆಳು, ತಿರುಳು ಜಾಸ್ತಿ, 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ ಹಣ್ಣು. ಬಲಿಯೋದು ಸರಿಯಾಗಿ ನಮ್ಮ ಫೈನಲ್ ಹೊತ್ತಿಗೆ. ಬಾಲ್ ತಾಗಿದ ಕಾಯಿ ಹಣ್ಣಾಗುವ ಮೊದಲೇ ಕೊಳೆಯುತ್ತದೆ. ಅಜ್ಜಿ ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟು ಮಾರುವವರು, ಅವರ ಲೆಕ್ಕ ನನ್ನ ಲೆಕ್ಕಕ್ಕಿಂತ ಪಕ್ಕಾ.

ಈ ಸಲ ಮೇ ಕೊನೆಯ ಭಾನುವಾರ ಹೊಳೆ ಆಚೆ ಊರಿನವರ ಜೊತೆ ಫೈನಲ್. ಆರು ಓವರ್ ಮ್ಯಾಚ್. ನಾವು 58 ಹೊಡೆದಿದ್ದೆವು. ಅವರಿಗೆ ಕೊನೆಯ ಮೂರು ಬಾಲಿಗೆ 7 ರನ್ ಬೇಕಿತ್ತು. ಹೊತ್ತು ಮುಳುಗಿತ್ತು, ಘಟ್ಟದ ಕಡೆ ಗುಡುಗು ಶುರುವಾಗಿತ್ತು. ಅವರ ಹುಡುಗ ಎತ್ತಿ ಹೊಡೆದ. ಬಾಲ್ ಸೀದಾ ಮರದೊಳಗೆ. ಮರ ಒಮ್ಮೆ ಬರಬರ ಅಂತು. ಆಮೇಲೆ ಒಂದಷ್ಟು ಎಲೆ, ಎರಡು ಕಾಯಿ, ಒಂದು ಬಾಲು ಒಟ್ಟಿಗೆ ಉದುರಿದವು. ನಮ್ಮ ಫೀಲ್ಡರ್ ಅಡ್ಡ ಬಿದ್ದ, ಎದ್ದ, ಕೈ ಎತ್ತಿ ತೋರಿಸಿದ. ಕೈಯಲ್ಲಿ ಹಸಿರು ಹಳದಿಯ ಒಂದು ಉಂಡೆ. ಅಂಪೈರ್ ಬೆರಳು ಎತ್ತಿಬಿಟ್ಟರು. ಅಂಪೈರ್ ನಮ್ಮೂರಿನವರೇ, ಅಲ್ಲೇ ಇರೋದು ಎಡವಟ್ಟು.

ಅವರು ಮೊದಲು "ಮರಕ್ಕೆ ತಾಗಿದ್ದು ಔಟ್ ಹೇಗೆ, ಸಿಕ್ಸ್ ಕೊಡಿ" ಅಂದರು. ಆಮೇಲೆ ಯಾರೋ ಒಬ್ಬ "ಅವ ಹಿಡಿದದ್ದು ಬಾಲೇ ಅಲ್ಲ, ಮಾವಿನಕಾಯಿ" ಅಂತ ಕೂಗಿದ. ಜನ ಗದ್ದೆಗೆ ಇಳಿದರು. ಹತ್ತು ನಿಮಿಷದಲ್ಲಿ ಗಾಳಿ ಮಳೆ. ಉಳಿದ ಎರಡು ಬಾಲ್ ಹಾಕಲೇ ಇಲ್ಲ. ಶೀಲ್ಡ್ ಈಗ ನಮ್ಮನೆಯಲ್ಲಿದೆ, ಟಿವಿ ಪಕ್ಕ. ನನ್ನ ಹೆಂಡತಿಯ ತವರು ಹೊಳೆ ಆಚೆ. ಬಾಕಿ ನೀವೇ ತಿಳ್ಕೊಳ್ಳಿ.

ಮರಕ್ಕೆ ತಾಗಿ ಬಂದ ಬಾಲ್ ಹಿಡಿದರೆ ಔಟಾ? ಮುಂದಿನ ವರ್ಷಕ್ಕೆ ಏನು ಮಾಡಬೇಕು? ಮರ ಕಡಿಯಿರಿ ಅನ್ನುವ ಉತ್ತರ ಬೇಡ.

ಘಟ್ಟದ ಮೇಲಿನವ (ಶಿರಸಿ):

ಮಾರಾಯಾ, ನಿಮಗೆ ಒಂದೇ ಮರ. ನಮಗೆ ಮೂರು ದಿಕ್ಕಿಗೂ ಅಡಿಕೆ ತೋಟ. ನಾವು ಆಡೋದು ತೋಟದ ಮೇಲಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ. ಲೆಗ್ ಸೈಡಿಗೆ ಎತ್ತಿ ಹೊಡೆದರೆ ಬಾಲ್ ಕೆಳಗಿನ ತೋಟಕ್ಕೆ, ಅಲ್ಲಿಂದ ಉರುಳಿ ಹಳ್ಳಕ್ಕೆ. ಅದಕ್ಕೇ ನಮ್ಮಲ್ಲಿ ತೋಟಕ್ಕೆ ಹೋದರೆ ಔಟ್, ಬಾಲ್ ಹುಡುಕಿ ತರುವವನೂ ಔಟಾದವನೇ. ಇದರಿಂದ ನಮ್ಮ ಹುಡುಗರೆಲ್ಲ ಆಫ್ ಸೈಡಿಗೆ ಚೆಂದ ಆಡುತ್ತಾರೆ. ಘಟ್ಟ ಇಳಿದು ನಿಮ್ಮ ಕಡೆ ಟೂರ್ನಮೆಂಟಿಗೆ ಬಂದರೆ ಮಾತ್ರ ಸಿಕ್ಸ್ ಹೊಡೆಯಲು ಕೈ ಬರುವುದಿಲ್ಲ.

ರೂಲ್ಸ್ ಪುಸ್ತಕ ನನಗೆ ಗೊತ್ತಿಲ್ಲ. ಆದರೆ ಊರಿನ ರೂಲು ಊರಿನವರಿಗೆ ಮಾತ್ರ ಗೊತ್ತಿರುತ್ತದೆ. ಹೊರಗಿನ ಟೀಮ್ ಬಂದಾಗ ಬಾಯಿಬಿಟ್ಟು ಹೇಳಬೇಕು. ನಾವು ಅಡಿಕೆ ದಬ್ಬೆಯ ಸ್ಟಂಪ್ ಹುಗಿಯುವಾಗಲೇ ಎಲ್ಲ ಹೇಳಿ ಮುಗಿಸುತ್ತೇವೆ.

ಹಳೇ ಅಂಪೈರ್ (ಕುಮಟಾ):

ಶಿರಸಿಯವರು ಪುಸ್ತಕ ಓದದೆಯೇ ಪುಸ್ತಕದ ಮಾತು ಹೇಳಿದ್ದಾರೆ. ನಾನು ಮಾಸ್ತರಿಕೆ ಮಾಡಿ ನಿವೃತ್ತಿ ಆದವನು, ಇಪ್ಪತ್ತು ವರ್ಷ ಇಂಥ ಮ್ಯಾಚುಗಳಲ್ಲಿ ಬಿಳಿ ಟೊಪ್ಪಿ ಹಾಕಿ ನಿಂತಿದ್ದೇನೆ. ವಿಷಯ ಹೀಗಿದೆ.

ಕ್ರಿಕೆಟ್ ನಿಯಮ ಬರೆಯುವುದು ಇಂಗ್ಲೆಂಡಿನ ಎಂಸಿಸಿ ಕ್ಲಬ್, ಅದರ ನಿಯಮಗಳಲ್ಲಿ 19ನೆಯದು ಬೌಂಡರಿಯದು. ಮೈದಾನದ ಒಳಗೆ ಮರವೋ ಕಂಬವೋ ಇದ್ದರೆ ಅದು ತಾನಾಗಿಯೇ ಬೌಂಡರಿ ಆಗುವುದಿಲ್ಲ. ಬೌಂಡರಿ ಅಂತ ಮಾಡಬೇಕಾದರೆ ಟಾಸ್ ಹಾಕುವ ಮೊದಲೇ ಗೊತ್ತು ಮಾಡಿರಬೇಕು. ಟಾಸ್ ಆದ ಮೇಲೆ ಬದಲಿಸುವ ಹಾಗಿಲ್ಲ. 33ನೆಯದು ಕ್ಯಾಚಿನದು. ಬೌಂಡರಿ ಅಂತ ಗೊತ್ತು ಮಾಡದ ಮರಕ್ಕೆ ತಾಗಿದ ಬಾಲ್ ನೆಲ ಮುಟ್ಟುವ ಮೊದಲು ಹಿಡಿದರೆ ಅದು ಸರಿಯಾದ ಕ್ಯಾಚ್. ಕಾಯಿಗೆ ತಾಗಿದರೂ ಮರಕ್ಕೆ ತಾಗಿದ ಹಾಗೆಯೇ. ಹಾಗಾಗಿ ಟಾಸಿಗೆ ಮುಂಚೆ ಮರದ ಮಾತು ಬಂದಿರದಿದ್ದರೆ, ಹಿಡಿದದ್ದು ಬಾಲೇ ಆಗಿದ್ದರೆ, ಔಟ್. ಸಿಕ್ಸ್ ಕೇಳಲು ಬರುವುದಿಲ್ಲ, ಬಾಲ್ ಗೆರೆ ದಾಟಿಲ್ಲವಲ್ಲ.

ಒಂದು ಪಕ್ಷ ಬಾಲ್ ಮರದಲ್ಲೇ ಸಿಕ್ಕಿಕೊಂಡಿದ್ದರೆ? ಇನ್ನು ಸಿಗುವುದಿಲ್ಲ ಅಂತ ಅಂಪೈರ್‌ಗೆ ಅನಿಸಿದರೆ ಡೆಡ್ ಬಾಲ್. ಮೊದಲು 'ಲಾಸ್ಟ್ ಬಾಲ್' ಅಂತ ಬೇರೆ ನಿಯಮವೇ ಇತ್ತು, 6 ರನ್ ಸಿಗುತ್ತಿತ್ತು. 2017ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮ ಹಳ್ಳಿಗಳಲ್ಲಿ ಇನ್ನೂ ಅದೇ ನಡೆಯುತ್ತಿದೆ, ಇರಲಿ.

ಒಂದೇ ಕೇಳುತ್ತೇನೆ. ಟಾಸಿಗೆ ಮುಂಚೆ ನೀವು ಏನೇನು ಮಾತಾಡಿದ್ದಿರಿ?

ಗದ್ದೆ ಕೀಪರ್:

ಸರ್, ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ. ವೈಡ್ ಎಲ್ಲಿಂದ ಅಂತ ಮಾತಾಡಿದೆವು. ಒಬ್ಬರಿಗೆ ಎರಡು ಓವರ್ ಮಾತ್ರ ಅಂದೆವು. ಕರೆಂಟು ಹೋದರೆ ಮೈಕ್ ಖರ್ಚು ಯಾರದು ಅಂತಲೂ ಮಾತಾಯಿತು. ಮರದ ಸುದ್ದಿ ಬರಲೇ ಇಲ್ಲ.

ಈಗ ಒಂದು ನಿಜ ಹೇಳಿಬಿಡುತ್ತೇನೆ. ನಮ್ಮನಮ್ಮಲ್ಲೇ ಆಡುವಾಗ ಮರಕ್ಕೆ ತಾಗಿದರೆ ಎರಡು ರನ್ ಡಿಕ್ಲೇರ್, ಕ್ಯಾಚ್ ಇಲ್ಲ. ನಾನು ಹುಡುಗ ಆಗಿದ್ದಾಗಿನಿಂದ ಹಾಗೆಯೇ. ಅಂಪೈರ್ ಕೂಡ ಅದೇ ರೂಲಿನಲ್ಲಿ ಆಡಿ ಬೆಳೆದವರು. ಆ ದಿನ ಮಾತ್ರ ಅವರಿಗೆ ಮರ ಕಾಣಿಸಲಿಲ್ಲ.

ಹಳೇ ಅಂಪೈರ್ (ಕುಮಟಾ):

ಹಾಗಾದರೆ ಪುಸ್ತಕದ ಪ್ರಕಾರ ಔಟ್. ಊರಿನ ರೂಢಿಯ ಪ್ರಕಾರ ಎರಡು ರನ್. ಶೀಲ್ಡನ್ನು ಟಿವಿ ಪಕ್ಕ ಇಟ್ಟುಕೊಂಡು ನಿದ್ದೆ ಬರುತ್ತಾ ಇಲ್ವಾ, ಅದು ನಿಮಗೇ ಗೊತ್ತು.

ಕಾರವಾರ ಹುಡುಗ, ಈಗ ಬೆಂಗಳೂರು:

ಮರ ಇರುವ ಮೈದಾನ ಅಂತ ನಾಚಿಕೆ ಪಡಬೇಡಿ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಕೆಂಟ್ ಕೌಂಟಿಯವರ ಮೈದಾನ ಇದೆ. 1847ರಲ್ಲಿ ಅಲ್ಲಿ ಆಟ ಶುರುವಾದಾಗಲೇ ಒಂದು ಲೈಮ್ ಮರ ಇತ್ತಂತೆ. ನಿಂಬೆ ಅಲ್ಲ, ಅದು ಬೇರೆ ಜಾತಿ. ಮರ ಬೌಂಡರಿ ಒಳಗೇ ಇತ್ತು. ಅದಕ್ಕೆ ತಾಗಿದರೆ 4 ರನ್ ಅಂತ ಅವರು ರೂಢಿ ಮಾಡಿಕೊಂಡರು. ಎಷ್ಟೇ ಎತ್ತರಕ್ಕೆ ಹೋಗಿ ತಾಗಿದರೂ 4 ರನ್ನೇ. 2005ರ ಜನವರಿಯಲ್ಲಿ ಗಾಳಿಗೆ ಆ ಮರ ಮುರಿದು ಬಿತ್ತು. ಅವರು ಏನು ಮಾಡಿದರು ಗೊತ್ತಾ? ಅದೇ ಜಾತಿಯ ಇನ್ನೊಂದು ಗಿಡ ನೆಟ್ಟರು.

ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲೂ ಬೌಂಡರಿ ಒಳಗೆ ಮರ ಇರುವ ಮೈದಾನ ಇದೆ. 2003ರ ವಿಶ್ವಕಪ್ಪಿನಲ್ಲಿ ಚಾಮಿಂಡ ವಾಸ್ ಬಾಂಗ್ಲಾದೇಶದ ಮೇಲೆ ಮ್ಯಾಚಿನ ಮೊದಲ ಮೂರು ಬಾಲಿಗೆ ಹ್ಯಾಟ್ರಿಕ್ ಹೊಡೆದದ್ದು ಅಲ್ಲೇ. ವಿಶ್ವಕಪ್ಪಿಗೆ ಅಡ್ಡ ಬರದ ಮರ ನಿಮ್ಮ ಆರು ಓವರಿಗೆ ಅಡ್ಡ ಬರುತ್ತದಾ?

ದಿವಗಿ ದಾರಿ (ಕುಮಟಾ):

ನಾನು ಕ್ರಿಕೆಟ್ ಆಡುವವಳಲ್ಲ. ಅಣ್ಣನ ಟೀಮಿಗೆ ಮುರುಗಲು ಶರಬತ್ತು ಮಾಡಿ ಕಳಿಸುವವಳು, ಸ್ಕೋರೂ ಬರೆಯುತ್ತೇನೆ. ನನ್ನ ಪ್ರಶ್ನೆ ಬೇರೆ. ಹೊತ್ತು ಮುಳುಗಿದ ಮೇಲೆ ಮಾವಿನಕಾಯಿ ಬಣ್ಣದ ಬಾಲ್ ತಗೊಂಡು ಮಾವಿನ ಮರದ ಕೆಳಗೆ ಯಾಕೆ ಆಡಿದಿರಿ? ಟೆನಿಸ್ ಬಾಲ್ ಕೆಂಪು ಬಣ್ಣದ್ದೂ ಸಿಗುತ್ತದೆ. ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

ಮಳೆ ಬಂತು, ಎರಡು ಬಾಲ್ ಹಾಕಲಿಲ್ಲ ಅಂದಿರಲ್ಲ. ನಮ್ಮ ಕುಮಟಾದ ರಾಘವೇಂದ್ರ ನೆನಪಾದರು, ಭಾರತ ತಂಡದವರಿಗೆ ಪ್ರಾಕ್ಟೀಸಿಗೆ ಬಾಲ್ ಎಸೆದು ಕೊಡುವ ಥ್ರೋಡೌನ್ ರಘು. 2022ರಲ್ಲಿ ಅಡಿಲೇಡ್‌ನಲ್ಲಿ ಬಾಂಗ್ಲಾದೇಶದ ಮ್ಯಾಚಿಗೆ ಮಳೆ ಬಂದು 16 ಓವರಿಗೆ 151 ಅಂತ ಟಾರ್ಗೆಟ್ ಬದಲಾಯಿತು. ಆಗ ಅವರು ಬ್ರಷ್ ಹಿಡಿದುಕೊಂಡು ಬೌಂಡರಿ ಸುತ್ತ ಓಡಾಡಿ ನಮ್ಮವರ ಬೂಟಿನ ಕೆಸರು ತೆಗೆಯುತ್ತಿದ್ದರು. ನಾವು ಗೆದ್ದದ್ದು 5 ರನ್ನಿಗೆ. ನಿಮ್ಮಲ್ಲಿ ಎರಡು ಬಾಲ್ ಹಾಕುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲವಾ?

ಹೊಳೆ ಆಚೆಯವ:

ಭಾವ, ಎರಡು ದಿನದಿಂದ ಓದ್ತಾ ಇದ್ದೇನೆ. ಆ ಬಾಲ್ ಹೊಡೆದವನು ನಾನೇ ಅಂತ ನೀವು ಬರೆಯಲೇ ಇಲ್ಲ. "ಅವರ ಹುಡುಗ" ಅಂತೆ! ಅಕ್ಕನಿಗೆ ತೋರಿಸುತ್ತೇನೆ ಇರಿ.

ಸಿಕ್ಸ್ ಕೇಳಿದ್ದು ನಮ್ಮ ತಪ್ಪು, ಒಪ್ಪಿದೆ. ಆದರೆ ಮಾವಿನಕಾಯಿ ಮಾತು ಸುಮ್ನೆ ಹುಟ್ಟಿದ್ದಲ್ಲ. ನಿಮ್ಮ ಫೀಲ್ಡರ್ ಕೈ ಎತ್ತಿದಾಗ ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ, ರನ್ ಓಡ್ತಾ ಓಡ್ತಾ ಆ ಕಡೆಯೇ ನೋಡ್ತಿದ್ದೆ. ಅವನ ಬಲಗೈಯಲ್ಲಿ ಒಂದು ಇತ್ತು, ಎಡಗೈಯಲ್ಲೂ ಒಂದು ಇತ್ತು. ಎತ್ತಿದ್ದು ಬಲಗೈ. ಎಡಗೈ ಬೆನ್ನ ಹಿಂದೆ. ಅವನನ್ನೇ ಕೇಳಿ.

ಗದ್ದೆ ಕೀಪರ್:

ಕೇಳಿದೆ. ಮೀನು ಪೇಟೆ ಹತ್ತಿರ ಸಿಕ್ಕಿದ, ಬಿಡದೆ ಕೇಳಿದೆ. ಎರಡೂ ಕೈಯಲ್ಲಿ ಇದ್ದದ್ದು ನಿಜವಂತೆ. ಬಲಗೈಯದು ಬಾಲು, ಆಣೆ ಪ್ರಮಾಣ ಮಾಡಿದ. ಎಡಗೈಯದು ಕಾಯಿ. ಅದನ್ನು ಹಿಂದೆ ಇಟ್ಟುಕೊಂಡದ್ದು ನಿಮಗೆ ಮೋಸ ಮಾಡಲು ಅಲ್ಲ, ಅಜ್ಜಿ ಅಂಚಿನ ಮೇಲೆ ಕೂತು ನೋಡುತ್ತಿದ್ದರು ಅಂತ. ಮನೆಗೆ ಹೋಗಿ ಉಪ್ಪು ಖಾರ ಹಾಕಿ ತಿಂದನಂತೆ. ಸಾಕ್ಷಿ ಹೋಯಿತು.

ನಿನ್ನೆ ಭಾನುವಾರ ಶೀಲ್ಡ್ ತಗೊಂಡು ಹೊಳೆ ಆಚೆ ಹೋಗಿದ್ದೆ. ಹೆಂಡತಿಯೂ ಬಂದಿದ್ದಳು. ಮಾವ ಮೊದಲು ಮಾತೇ ಆಡಲಿಲ್ಲ, ಬಂಗಡೆ ಸಾರು ಬಡಿಸಿದ ಮೇಲೆ ಸರಿ ಹೋದರು. ಶೀಲ್ಡ್ ದೀಪಾವಳಿವರೆಗೆ ಅವರ ಕಡೆ, ಆಮೇಲೆ ನಮ್ಮ ಕಡೆ. ಮುಂದಿನ ಏಪ್ರಿಲ್‌ನಲ್ಲಿ ಮೊದಲ ಮ್ಯಾಚು ಇದೇ ಎರಡು ಟೀಮಿಂದು. ಕೆಂಪು ಬಾಲು. ಮರಕ್ಕೆ ತಾಗಿದರೆ 4, ಕ್ಯಾಚ್ ಇಲ್ಲ. ಅಂಪೈರ್ ಕುಮಟಾದ ಸರ್ ಬರಬೇಕು ಅಂತ ಎರಡೂ ಊರಿನವರ ಆಸೆ. ಸರ್, ಬಸ್ ಚಾರ್ಜು ಮತ್ತೆ ಊಟ ನಮ್ಮದು.

ಅಜ್ಜನಿಗೂ ಹೋಗಿ ಹೇಳಿದೆ. ಕ್ಯಾಂಟರ್‌ಬರಿ ಕಥೆಯನ್ನೂ ಹೇಳಿದೆ, ಮರ ಬಿದ್ದ ಮೇಲೆ ಇನ್ನೊಂದು ನೆಟ್ಟರು ಅಂತ. ಅಜ್ಜ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿದರು. "ಬೀಳುವವರೆಗೆ ಯಾಕೆ ಕಾಯಬೇಕು" ಅಂದರು. ಈಗ ಮಳೆ ಹಿಡಿದಿದೆ, ಒಂದು ಇಶಾಡದ ಕಸಿ ಗಿಡ ತಂದು ಇಟ್ಟಿದ್ದಾರೆ. ನೆಡುವ ಜಾಗಕ್ಕೆ ಗೂಟ ಹೊಡೆದಾಗಿದೆ. ಹೆಜ್ಜೆ ಹಾಕಿ ನೋಡಿಕೊಂಡು ಬಂದೆ.

ಸರಿಯಾಗಿ ಮಿಡ್ ಆನ್.