ಇಂಗ್ಲಿಷ್ ಪದಗಳ ಅರ್ಥವನ್ನು ಚಿಕ್ಕ ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಕೇಳಿದವರು: ಎರಡನೇ ತರಗತಿಯ ಮಗಳಿಗೆ ದಿನಕ್ಕೆ ಹತ್ತು ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದೇನೆ. ಕೇಳಿದರೆ ಪಟಪಟನೆ ಒಪ್ಪಿಸುತ್ತಾಳೆ. ಅದೇ ಪದ ವಾಕ್ಯದಲ್ಲಿ ಬಂದರೆ ತಬ್ಬಿಬ್ಬಾಗುತ್ತಾಳೆ. ನೀವೆಲ್ಲ ಹೇಗೆ ಕಲಿಸಿದಿರಿ?

ಒಬ್ಬ ತಾಯಿ: ನಮ್ಮಲ್ಲೂ ಹೀಗೇ ಆಗಿತ್ತು. ‘ಲೈಟ್’ ಎಂದರೆ ಬೆಳಕು ಎಂದು ಮಗನಿಗೆ ಬರೆಸಿದ್ದೆ. ಒಂದು ದಿನ ಪಾಠದಲ್ಲಿ ‘ಲೈಟ್ ಬ್ಯಾಗ್’ ಎಂದು ಬಂತು. ಚಿತ್ರದಲ್ಲಿದ್ದ ಚೀಲವನ್ನು ಬಹಳ ಹೊತ್ತು ದಿಟ್ಟಿಸಿ, ‘ಅಮ್ಮಾ, ಇದರಲ್ಲಿ ದೀಪ ಎಲ್ಲಿದೆ?’ ಎಂದು ಕೇಳಿದ. ತಪ್ಪು ಅವನದಲ್ಲ, ನಾನು ಬರೆಸಿದ ಪಟ್ಟಿಯದು. ಅವತ್ತೇ ಅವನ ಒಂದು ಕೈಗೆ ಖಾಲಿ ಚೀಲ, ಇನ್ನೊಂದಕ್ಕೆ ಪುಸ್ತಕ ತುಂಬಿದ ಚೀಲ ಕೊಟ್ಟು ‘ಲೈಟ್’, ‘ಹೆವಿ’ ಎಂದಷ್ಟೇ ಹೇಳಿದೆ. ಬಣ್ಣ ಹಚ್ಚುವಾಗ ತಿಳಿನೀಲಿ ಪೆನ್ಸಿಲ್ ತೋರಿಸಿ ‘ಲೈಟ್ ಬ್ಲೂ’ ಎಂದೆ. ಮೂರರಲ್ಲಿ ಒಂದನ್ನೂ ಆಮೇಲೆ ಮರೆಯಲಿಲ್ಲ.

ಪ್ರಾಥಮಿಕ ತರಗತಿಯ ಶಿಕ್ಷಕಿ: ಪದಕ್ಕೆ ಪದ ಜೋಡಿಸುವುದನ್ನು ದಯವಿಟ್ಟು ಬಿಡಿ. ಕನ್ನಡದಲ್ಲಿ ಬಾಗಿಲು ತೆರೆಯುತ್ತೇವೆ, ಕಣ್ಣು ಬಿಡುತ್ತೇವೆ, ಕೊಡೆ ಬಿಚ್ಚುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ಓಪನ್’ ಒಂದೇ. ಅಂಗಿ ತೊಡುವುದು, ಚಪ್ಪಲಿ ಮೆಟ್ಟುವುದು, ಹೂ ಮುಡಿಯುವುದು ಎಲ್ಲವೂ ‘ವೇರ್’. ತಿರುವುಮುರುವೂ ಉಂಟು. ನಮಗೆ ಭುಜದಿಂದ ಬೆರಳ ತುದಿಯವರೆಗೂ ಕೈಯೇ. ಅಲ್ಲಿ ಮಣಿಕಟ್ಟಿನಿಂದ ಕೆಳಗೆ ‘ಹ್ಯಾಂಡ್’, ಮೇಲೆ ‘ಆರ್ಮ್’. ನಾನು ಮಕ್ಕಳ ಮಣಿಕಟ್ಟಿಗೆ ದಾರ ಕಟ್ಟಿಸಿ ಇದನ್ನು ಹೇಳಿಕೊಡುತ್ತೇನೆ. ಕಾಲಿನಲ್ಲೂ ಹಾಗೆಯೇ, ‘ಲೆಗ್’ ಮತ್ತು ‘ಫುಟ್’.

ಬಹಳ ಕಾಡುವ ಜೋಡಿ ‘ಬಾರೋ’ ಮತ್ತು ‘ಲೆಂಡ್’. ಎರಡಕ್ಕೂ ‘ಎರವಲು’ ಎಂದುಬಿಟ್ಟರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಇಬ್ಬರನ್ನು ಎದುರುಬದುರು ಕೂರಿಸಿ, ನಡುವೆ ಒಂದು ರಬ್ಬರ್ ಇಡಿ. ಎರವಲು ಕೊಟ್ಟರೆ ‘ಲೆಂಡ್’, ಪಡೆದರೆ ‘ಬಾರೋ’. ಆಮೇಲೆ ರಬ್ಬರನ್ನು ಹಿಂದಿರುಗಿಸಲೇಬೇಕು. ಹಿಂದಿರುಗಿಸದಿದ್ದರೆ ಅದು ಬರೀ ‘ಗಿವ್’ ಎಂದು ಮಕ್ಕಳೇ ತಕರಾರು ತೆಗೆಯುತ್ತಾರೆ. ಆ ತಕರಾರು ಎದ್ದಿತೆಂದರೆ ಅರ್ಥವಾಗಿದೆ ಎಂದೇ ಲೆಕ್ಕ.

ಒಬ್ಬ ಅಜ್ಜ: ದಿನಕ್ಕೆ ಹತ್ತು ಹೆಚ್ಚಾಯಿತಮ್ಮ. ನಾನು ಮೊಮ್ಮಗಳಿಗೆ ಮೂರೇ ಪದ ಹೇಳಿಕೊಡುತ್ತೇನೆ. ಆ ಪದ ಹಾಕಿ ಅವಳು ತನ್ನದೇ ಮಾತೊಂದನ್ನು ಹೇಳಬೇಕು, ನಾನು ಬರೆದುಕೊಳ್ಳಬೇಕು. ಕನ್ನಡ ಬೆರೆತರೂ ತಿದ್ದುವುದಿಲ್ಲ. ‘ಎಂಪ್ಟಿ’ ಕಲಿತ ದಿನ ಅವಳು ಬರೆಸಿದ್ದು: ‘ಅಜ್ಜ, ನೀನು ಊರಿಗೆ ಹೋದರೆ ನಿನ್ನ ಕುರ್ಚಿ ಎಂಪ್ಟಿ.’