ಪೌತಿ ಖಾತೆಗೆ ಅಕ್ಕ-ತಂಗಿಯರ ಹೆಸರು ಸೇರಿಸಲೇಬೇಕಾ?

ಹೊಲಮನೆ: ತಂದೆ ತೀರಿಕೊಂಡಿದ್ದಾರೆ, ಜಮೀನಿನ ದಾಖಲೆಯಾದ ಪಹಣಿಗೆ ವಾರಸಿನಿಂದ ಮಕ್ಕಳ ಹೆಸರು ಏರಿಸಬೇಕು, ಅದೇ ಪೌತಿ ಖಾತೆ. ಮದುವೆಯಾದ ಹೆಣ್ಣುಮಕ್ಕಳನ್ನು ವಂಶವೃಕ್ಷದಲ್ಲಿ ತೋರಿಸಬೇಡಿ ಅಂತಾರೆ ಊರಲ್ಲಿ. ಸರೀನಾ?

ಕಂದಾಯಮಿತ್ರ: ಖಂಡಿತ ತಪ್ಪು. ವಂಶವೃಕ್ಷ ಅಂದರೆ ಎಲ್ಲ ವಾರಸುದಾರರೂ: ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮೊದಲೇ ತೀರಿಹೋದ ಮಗಳಿದ್ದರೆ ಅವಳ ಮಕ್ಕಳು ಕೂಡ. ಒಂದು ಹೆಸರು ಬಿಟ್ಟರೂ ಮುಂದೆ ಜಮೀನು ಮಾರುವಾಗ ಕೊಳ್ಳುವವರ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಕಾನೂನುಕಟ್ಟೆ: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟು ಹಕ್ಕು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಪತ್ರಕ್ಕೆ ಇದು ತಟ್ಟದು. ಸ್ವಯಾರ್ಜಿತಕ್ಕೂ ಉಯಿಲು ಇಲ್ಲದಿದ್ದರೆ ಸಮಪಾಲೇ.

ಹೊಲಮನೆ: ಅಕ್ಕನೇ ಬೇಡ ಅಂದರೆ?

ಕಂದಾಯಮಿತ್ರ: ಬಾಯಿಮಾತು, ಬಿಳಿಹಾಳೆ ಸಹಿ ನಡೆಯದು, ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಮೊದಲು ಎಲ್ಲರ ಹೆಸರಿನಲ್ಲಿ ಜಂಟಿ ಖಾತೆ ಆಗಲಿ, ಆಮೇಲೆ ಮನಸ್ಸಿದ್ದರೆ ಬರೆದುಕೊಡಲಿ. ಗೌರಿ ಹಬ್ಬಕ್ಕೆ ಬಂದವರಿಗೆ ಬಾಗಿನ ಕೊಟ್ಟು ಅವತ್ತೇ ಸಹಿ ಹಾಕಿಸುವ ಚಾಳಿ ಇದೆಯಲ್ಲ, ಅದು ಬೇಡವೇ ಬೇಡ. ಕರಡನ್ನು ವಾರ ಮುಂಚೆ ಕೊಡಿ. ಸರ್ವೆ ನಂಬರು, ಎಕರೆ-ಗುಂಟೆ, ಈಗಿನ ಬೆಲೆ ಮೂರನ್ನೂ ತಿಳಿಸಿಯೇ ಕೇಳಿ.